ಬಾವಿಗೂ ಗುಂಡಿಗೂ ನಡುವಿನ ಹೊತ್ತು

ಕಾರವಾರ, ಅಂಕೋಲೆಯ ಕಡೆ ಮನೆ ಕಟ್ಟಿಸಲು ಹೊರಟವರು ಅಡಿಪಾಯ ತೋಡುವ ಮೊದಲೇ ಎರಡು ಗುಂಡಿಗಳ ಜಾಗ ಗೊತ್ತುಮಾಡಿಕೊಳ್ಳಬೇಕು. ಒಂದು ಬಾವಿಯದು, ಇನ್ನೊಂದು ಶೌಚಾಲಯದ್ದು. ಬಾವಿಗೆ ನೀರು ನೋಡುವವರು ಬರುತ್ತಾರೆ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹಿತ್ತಿಲು ಸುತ್ತುತ್ತಾರೆ. ಶೌಚಾಲಯದ ಗುಂಡಿಗೆ ಅಷ್ಟೆಲ್ಲ ವೈಭವವಿಲ್ಲ. ಬಾವಿಯಿಂದ ಟೇಪು ಹಿಡಿದು 50 ಅಡಿ ಅಳೆದರೆ ಆಯಿತು. ನಿವೇಶನ ಚಿಕ್ಕದಾದರೆ ಐವತ್ತು ನಲವತ್ತಾಗುತ್ತದೆ, ನಲವತ್ತು ಮೂವತ್ತಾಗುತ್ತದೆ. ಪಕ್ಕದ ಮನೆಯ ಬಾವಿಯಂತೂ ಯಾರ ಟೇಪಿಗೂ ಸಿಗುವುದಿಲ್ಲ.

ಅಂತರ ಬಿಡುವ ಪದ್ಧತಿ ತಪ್ಪಲ್ಲ. ಎರಡು ಗುಂಡಿಯ ಶೌಚಾಲಯಕ್ಕೆ ನಮ್ಮ ದೇಶದಲ್ಲಿ ಬಳಸುವ ಮಾರ್ಗಸೂಚಿ ಊರವರಿಗಿಂತಲೂ ಉದಾರಿ: ಮಣ್ಣು ನುಣ್ಣಗಿದ್ದು, ಅಂತರ್ಜಲದ ಮಟ್ಟ ಗುಂಡಿಯ ತಳಕ್ಕಿಂತ 2 ಮೀಟರಾದರೂ ಕೆಳಗಿದ್ದರೆ ಬಾವಿಗೆ 3 ಮೀಟರ್ ಅಂತರ ಸಾಕು, ನೀರು ಅದಕ್ಕಿಂತ ಮೇಲಿದ್ದರೆ 10 ಮೀಟರ್ ಬೇಕು ಎನ್ನುತ್ತದೆ. ಇದರ ಹಿಂದಿರುವುದು ಒಂದೇ ನಂಬಿಕೆ. ಮಣ್ಣು ನೀರನ್ನು ಸೋಸುತ್ತದೆ, ತಡೆತಡೆದು ಬಿಡುತ್ತದೆ, ಅಷ್ಟರಲ್ಲಿ ರೋಗಾಣುಗಳು ಸಾಯುತ್ತವೆ. ಅಂದರೆ ನಮಗೆ ನಿಜವಾಗಿ ಬೇಕಾಗಿರುವುದು ಅಡಿಯ ಲೆಕ್ಕವಲ್ಲ, ಹೊತ್ತಿನ ಲೆಕ್ಕ. ಜರ್ಮನಿಯವರು ಅದನ್ನು ಹಾಗೆಯೇ ಬರೆದಿಟ್ಟಿದ್ದಾರೆ: ನೀರು ಕುಡಿಯುವ ನೀರಿನ ಬಾವಿಯನ್ನು ತಲುಪಲು 50 ದಿನ ಬೇಕಾಗುವಷ್ಟು ಜಾಗದೊಳಗೆ ಹೊಲಸಿನ ಗುಂಡಿ ತೋಡುವಂತಿಲ್ಲ. ಆ ಐವತ್ತು ದಿನ ಒಂದು ಊರಿನಲ್ಲಿ ಹತ್ತು ಮೀಟರ್ ಆಗಬಹುದು, ಇನ್ನೊಂದು ಊರಿನಲ್ಲಿ ಒಂದು ಕಿಲೋಮೀಟರ್ ಆಗಬಹುದು.

ನಮ್ಮ ಕರಾವಳಿಯ ನೆಲದಲ್ಲಿ ಅದು ಎಷ್ಟು ಎಂದು ಕೇಳಿದರೆ ಒಂದೇ ಉತ್ತರ ಬರುವುದಿಲ್ಲ. ಕೋಡಿಬಾಗದ ಮರಳಿನಲ್ಲಿ ಒಂದು, ಗಂಗಾವಳಿ ದಂಡೆಯ ಮೆಕ್ಕಲಿನಲ್ಲಿ ಇನ್ನೊಂದು, ಗುಡ್ಡದ ಚಿರೇಕಲ್ಲಿನಲ್ಲಿ ಮತ್ತೊಂದು. ಮರಳು ಮತ್ತು ಮೆಕ್ಕಲಿನ ವಿಷಯ ಸರಳ. ನೀರು ಕಾಳುಗಳ ಸಂದಿಯಲ್ಲಿ ಹೆಚ್ಚುಕಡಿಮೆ ಒಂದೇ ಸಮನೆ ಹರಿಯುತ್ತದೆ, ಲೆಕ್ಕಕ್ಕೆ ಸಿಗುತ್ತದೆ. ಪೇಚು ಇರುವುದು ಚಿರೇಕಲ್ಲಿನಲ್ಲಿ. ಫ್ರಾನ್ಸಿಸ್ ಬುಕನನ್ 1801ರಲ್ಲಿ ಅಂಕೋಲೆಯ ದಾರಿಯಾಗಿ ಹಾದುಹೋದವನು. ಅದಕ್ಕೂ ಸ್ವಲ್ಪ ಮೊದಲು ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ, ಮೈತುಂಬ ತೂತಿರುವ ಇದನ್ನು ವಿವರವಾಗಿ ಬರೆದ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ಅವನು ಕಂಡ ಆ ತೂತುಗಳೇ ನಮ್ಮ ಸಮಸ್ಯೆ. ಲಕ್ಷಾಂತರ ವರ್ಷ ಮಳೆ ತೊಳೆದು ತೊಳೆದು ಬಂಡೆಯಲ್ಲಿ ಕರಗುವುದೆಲ್ಲ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಉಳಿದು ಕಲ್ಲಾಗಿವೆ. ನಡುವಿನ ಮೆತ್ತನೆ ಜೇಡಿ ಕೊಚ್ಚಿಹೋದಲ್ಲಿ ಪೊಳ್ಳು, ಪೊಳ್ಳುಗಳು ಒಂದಕ್ಕೊಂದು ಕೂಡಿದಲ್ಲಿ ಕೊಳವೆ. ಬೆರಳು ತೂರುವಷ್ಟು ಕೆಲವು, ಕೈ ತೂರುವಷ್ಟು ಕೆಲವು.

ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಈ ನೀರು ಚಿರೇಕಲ್ಲಿನ ಕೊಳವೆಗಳಲ್ಲಿ ನೇರ ಕೆಳಗಿಳಿದು, ಅದರಡಿಯ ಶೇಡಿಮಣ್ಣಿನ ಪದರ ಸಿಕ್ಕಿದೊಡನೆ ನಿಲ್ಲುತ್ತದೆ. ಶೇಡಿ ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಆಗ ನೀರು ಶೇಡಿಯ ಬೆನ್ನ ಮೇಲೆ ಇಳಿಜಾರು ಹುಡುಕಿಕೊಂಡು ಅಡ್ಡ ಹರಿಯುತ್ತದೆ. ಬಾವಿಯ ಗೋಡೆಯಲ್ಲಿ ಒರತೆಯಾಗಿ, ಗುಡ್ಡದ ಬುಡದಲ್ಲಿ ಒಸರಾಗಿ ಹೊರಬೀಳುತ್ತದೆ. ಮಳೆಗಾಲದಲ್ಲಿ ಬಾವಿಯೊಳಗೆ ಇಣುಕಿದರೆ ಗೋಡೆ ತುಂಬ ಒಂದೇ ಸಮ ಜಿನುಗುವುದು ಕಾಣುವುದಿಲ್ಲ. ಒಂದೆರಡು ಕಡೆ ನಲ್ಲಿ ಬಿಟ್ಟ ಹಾಗೆ ಸುರಿಯುತ್ತದೆ, ಉಳಿದ ಕಡೆ ಬರೀ ಒದ್ದೆ. ಸುರಿಯುವ ಆ ಬಾಯಿ ಯಾವ ಗುಂಡಿಯ ಕಡೆಯಿಂದ ಬಂದದ್ದೆಂದು ಮೇಲೆ ನಿಂತು ಹೇಳಲು ಯಾರಿಂದಲೂ ಸಾಧ್ಯವಿಲ್ಲ. ಅಂಕೋಲೆಯ ಸೆರಗಿನಲ್ಲೇ ಇರುವ ಯಾಣದ ಕಡೆಗೆ ಹೋದರೆ ಸುಣ್ಣಕಲ್ಲು ಸಿಗುತ್ತದೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕೆಳಗೆ ವಿಭೂತಿ ಜಲಪಾತ ಬಂಡೆಯ ಮೈಗೆ ಸುಣ್ಣ ಬಳಿಯುತ್ತ ಇಳಿಯುತ್ತದೆ. ಸುಣ್ಣಕಲ್ಲು ನೀರಿನಲ್ಲಿ ಕರಗುವ ಕಲ್ಲಾದ್ದರಿಂದ ಅಲ್ಲಿ ಗುಹೆ, ಬಿರುಕು ಇದ್ದೇ ಇರುತ್ತವೆಂದು ಎಲ್ಲರೂ ಒಪ್ಪುತ್ತಾರೆ. ಚಿರೇಕಲ್ಲಿನ ಬಗ್ಗೆ ಮಾತ್ರ, ಅದು ಮಣ್ಣಿನ ಥರವೇ ಸೋಸುತ್ತದೆ ಎಂದು ಸುಮ್ಮನೆ ನಂಬಿಕೊಂಡಿದ್ದೇವೆ.

ನೆಲದೊಳಗಿನ ನೀರಿನ ಜಾಡು ಹಿಡಿಯಲು ಅದರ ಜೊತೆಗೇ ಪ್ರಯಾಣ ಮಾಡುವ ವಸ್ತು ಬೇಕು. ಹಾಗೆ ಮಾಡಿದ ಪ್ರಸಿದ್ಧ ಪ್ರಯೋಗ ದಕ್ಷಿಣ ಜರ್ಮನಿಯದು, ಮತ್ತು ಅದರ ಮೂಲದಲ್ಲಿದ್ದುದು ನೀರಿನ ಜಗಳ. ಇಮ್ಮೆಂಡಿಂಗೆನ್ ಎಂಬಲ್ಲಿ ಡ್ಯಾನ್ಯೂಬ್ ನದಿ ತನ್ನ ಪಾತ್ರದ ಸುಣ್ಣಕಲ್ಲಿನೊಳಗೆ ಇಂಗಿಹೋಗುತ್ತದೆ. ಬೇಸಿಗೆಯಲ್ಲಿ ಕೆಲವೊಮ್ಮೆ ನದಿಗೆ ನದಿಯೇ ಮಾಯ. ದಕ್ಷಿಣಕ್ಕೆ 12 ಕಿಲೋಮೀಟರ್ ದೂರದಲ್ಲಿ ಆಖ್ ಎಂಬ ದೊಡ್ಡ ಬುಗ್ಗೆ. ಡ್ಯಾನ್ಯೂಬಿನ ಕೆಳದಂಡೆಯ ಕಾರ್ಖಾನೆಗಳವರು ನದಿಯ ತೂತುಗಳನ್ನು ಮುಚ್ಚಬೇಕೆಂದರು; ಆಖ್ ಹೊಳೆಯ ಗಿರಣಿಗಳವರು ಕೂಡದೆಂದರು. 1877ರ ಅಕ್ಟೋಬರಿನಲ್ಲಿ ಅಡಾಲ್ಫ್ ಕ್ನಾಪ್ ಎಂಬ ಭೂವಿಜ್ಞಾನಿ ನದಿ ಇಂಗುವ ಜಾಗದಲ್ಲಿ 20 ಟನ್ ಉಪ್ಪು, 1,200 ಕಿಲೋ ಕಲ್ಲೆಣ್ಣೆ ಮತ್ತು 10 ಕಿಲೋ ಫ್ಲೋರಸೀನ್ ಬಣ್ಣ ಸುರಿಸಿದರು. ಸುಮಾರು ಅರವತ್ತು ತಾಸಿನ ಮೇಲೆ ಆಖ್ ಬುಗ್ಗೆ ಉಪ್ಪುಪ್ಪಾಗಿ, ಡಾಂಬರಿನ ರುಚಿ ಹೊತ್ತು, ಹಸಿರಾಗಿ ಹೊಳೆಯುತ್ತ ಹೊರಬಂತು. ಕಪ್ಪು ಸಮುದ್ರಕ್ಕೆ ಹೋಗಬೇಕಾದ ನೀರು ನೆಲದಡಿಯ ದಾರಿಯಿಂದ ರೈನ್ ನದಿಯನ್ನು ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತಿತ್ತು. 20 ಟನ್ ಉಪ್ಪು ಹೇಳಿದ್ದನ್ನೇ 10 ಕಿಲೋ ಬಣ್ಣವೂ ಹೇಳಿತು ಎಂಬುದು ಆಮೇಲಿನವರಿಗೆ ಮುಖ್ಯವಾಯಿತು. ಅಡಾಲ್ಫ್ ಫಾನ್ ಬೇಯರ್ ಪ್ರಯೋಗಾಲಯದಲ್ಲಿ ಆ ಬಣ್ಣ ತಯಾರಿಸಿ ಆಗಿನ್ನೂ ಆರು ವರ್ಷ.

ಹೊಲಸಿಗೂ ನೆಲದಡಿಯ ನೀರಿಗೂ ಇರುವ ನಂಟು ಕಾನೂನಿನ ಗಮನಕ್ಕೆ ಬಂದದ್ದು ಫ್ರಾನ್ಸಿನಲ್ಲಿ. ಗುಹೆಗಳ ಅಧ್ಯಯನವನ್ನೇ ಬದುಕು ಮಾಡಿಕೊಂಡಿದ್ದ ಎದುವಾರ್ ಮಾರ್ತೆಲ್ 1891ರಲ್ಲಿ ಒಂದು ಬುಗ್ಗೆಯ ತಿಳಿನೀರು ಕುಡಿದು ಕಾಯಿಲೆ ಬಿದ್ದರು. ಹುಡುಕಿದರೆ ಮೇಲಿನ ಕಂದರದೊಳಗೆ ಕರುವಿನ ಹೆಣ ಕೊಳೆಯುತ್ತಿತ್ತು. ಸತ್ತ ದನಕರುಗಳನ್ನು ಇಂಥ ಕಂದರಗಳಿಗೆ ಎಸೆಯಬಾರದೆಂಬ ನಿಯಮ 1902ರ ಸಾರ್ವಜನಿಕ ಆರೋಗ್ಯ ಕಾಯಿದೆಯಲ್ಲಿ ಸೇರಿತು. ಬುಗ್ಗೆಯ ನೀರೆಂದರೆ ಶುದ್ಧ ಎಂಬ ನಂಬಿಕೆ ನಮ್ಮಲ್ಲೂ ಇನ್ನೂ ಗಟ್ಟಿಯಾಗಿದೆ. ಕಲ್ಲಿನಿಂದ ಬಂದ ನೀರು ತಣ್ಣಗಿರುತ್ತದೆ, ತಿಳಿಯಾಗಿರುತ್ತದೆ. ಆ ಎರಡು ಗುಣಗಳೂ ಅದು ಎಲ್ಲಿಂದ ಹೊರಟಿತೆಂದು ಹೇಳುವುದಿಲ್ಲ.

ಫ್ಲೋರಸೀನಿನ ಸೋಡಿಯಂ ಲವಣಕ್ಕೆ ಯುರನೀನ್ ಎನ್ನುತ್ತಾರೆ. ಯುರೇನಿಯಮ್ಮಿಗೂ ಇದಕ್ಕೂ ಸಂಬಂಧವಿಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ರೆಪ್ಪೆಯೊಳಗೆ ಹಳದಿ ಬಣ್ಣ ಮುಟ್ಟಿಸಿ ನೀಲಿ ದೀಪದಲ್ಲಿ ನೋಡುತ್ತಾರಲ್ಲ, ಅದೇ ವಸ್ತು. ಅದರ ಅಣು 491 ನ್ಯಾನೋಮೀಟರಿನ ಸುಮಾರಿನ ನೀಲಿ ಬೆಳಕನ್ನು ಹೀರಿಕೊಂಡು, ಸ್ವಲ್ಪ ಶಕ್ತಿ ತನ್ನಲ್ಲೇ ಕಳೆದುಕೊಂಡು, ಉಳಿದದ್ದನ್ನು 512 ನ್ಯಾನೋಮೀಟರಿನ ಹಸಿರಾಗಿ ಬಿಡುತ್ತದೆ. ಈ ಗುಣ ಪ್ರತಿದೀಪ್ತಿ; ಇದರ ಲೆಕ್ಕಾಚಾರವನ್ನು ಜಾರ್ಜ್ ಸ್ಟೋಕ್ಸ್ 1852ರಲ್ಲಿ ಬಿಡಿಸಿಟ್ಟಿದ್ದ. ಒಳಹೋದ ಬೆಳಕಿಗೂ ಹೊರಬಂದ ಬೆಳಕಿಗೂ ಬಣ್ಣ ಬೇರೆಯಾದ್ದರಿಂದ ಉಪಕರಣ ಒಳಹೋದದ್ದನ್ನು ತಡೆದು ಹೊರಬಂದದ್ದನ್ನಷ್ಟೇ ನೋಡಬಲ್ಲದು. ಕತ್ತಲ ಹಿನ್ನೆಲೆಯಲ್ಲಿ ಚೂರು ಬೆಳಕು ಇದ್ದರೂ ಗೊತ್ತಾಗುತ್ತದೆ.

ಎಷ್ಟು ಚೂರು ಎಂಬುದನ್ನು ಒಂದು ಬಾವಿಯಲ್ಲೇ ಲೆಕ್ಕ ಹಾಕಬಹುದು. 3 ಮೀಟರ್ ಅಗಲದ ಬಾವಿ, 4 ಮೀಟರ್ ನೀರು: ಸುಮಾರು 28,000 ಲೀಟರ್. ಅದಕ್ಕೆ 1 ಗ್ರಾಂ ಯುರನೀನ್ ಹಾಕಿ ಕಲಕಿದರೆ ನೀರಿನ ಶತಕೋಟಿ ಭಾಗದಲ್ಲಿ ಬಣ್ಣ 35 ಭಾಗ. ನೀರು ತಿಳಿಯಾಗಿದ್ದು ಬೆಳಕು ಚೆನ್ನಾಗಿದ್ದರೆ ಬರಿಗಣ್ಣಿಗೂ ಹಸಿರು ಛಾಯೆ ಕಾಣುವ ಪ್ರಮಾಣ ಅದು. ಪ್ರಯೋಗಾಲಯದ ಫ್ಲೋರೋಮೀಟರ್ ಅದರ ಸಾವಿರದಲ್ಲೊಂದು ಪಾಲನ್ನೂ ಗುರುತಿಸುತ್ತದೆ. ಹಾಗಾಗಿ ಒಂದು ಶೌಚದ ಗುಂಡಿಗೆ ಕೆಲವೇ ಗ್ರಾಂ ಬಣ್ಣ ಹಾಕಿ, ಸುತ್ತಲಿನ ಬಾವಿಗಳ ನೀರು ಕಣ್ಣಿಗೆ ಏನೂ ಬದಲಾಗದಂತೆ ಪರೀಕ್ಷಿಸಬಹುದು. ಎರಡು ಗುಂಡಿಗಳ ಮೇಲೆ ಅನುಮಾನವಿದ್ದರೆ ಒಂದಕ್ಕೆ ಯುರನೀನ್, ಇನ್ನೊಂದಕ್ಕೆ ಕಿತ್ತಳೆಯಾಗಿ ಹೊಳೆಯುವ ರೋಡಮೀನ್ ಡಬ್ಲ್ಯುಟಿ. ಬಾವಿಯಲ್ಲಿ ಯಾವ ಬಣ್ಣ ಸಿಕ್ಕಿತೆಂಬುದರ ಮೇಲೆ ಯಾರ ಗುಂಡಿಯೆಂದು ತಿಳಿಯುತ್ತದೆ. ಬೇರೆ ಕಡೆ ಇದೇ ಕೆಲಸಕ್ಕೆ ಅಗ್ಗದ ಉಪ್ಪನ್ನೂ ಬಳಸುತ್ತಾರೆ. ಆದರೆ ಗಜನಿ ಗದ್ದೆಗಳ ಪಕ್ಕ, ಉಬ್ಬರದಲ್ಲಿ ಹೊಳೆಯೇ ಉಪ್ಪಾಗುವ ಊರಿನಲ್ಲಿ, ಉಪ್ಪಿನ ಸಾಕ್ಷ್ಯಕ್ಕೆ ಯಾವ ಬೆಲೆ!

ಇಷ್ಟು ಕೇಳಿದರೆ ಬಣ್ಣ ಎಲ್ಲ ಪ್ರಶ್ನೆಗೂ ಉತ್ತರವಿದ್ದಂತೆ ತೋರುತ್ತದೆ. ಶುದ್ಧ ನೀರಿನಲ್ಲಿ ಅದು ಬಹುಮಟ್ಟಿಗೆ ನಿಜ. ನಾವು ಹುಡುಕಹೊರಟಿರುವುದು ಶುದ್ಧ ನೀರನ್ನಲ್ಲವಲ್ಲ.

ಮೊದಲ ತೊಡಕು ಹುಳಿ. ಚಿರೇಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಪಿಎಚ್ 6ಕ್ಕಿಂತ ಕೆಳಗಿಳಿದಂತೆ ಯುರನೀನಿನ ಹೊಳಪು ಬೇಗಬೇಗ ಕುಗ್ಗುತ್ತದೆ. ಬಣ್ಣ ನೀರಿನಲ್ಲೇ ಇರುತ್ತದೆ, ಹೊಳೆಯುವುದಿಲ್ಲ ಅಷ್ಟೆ; ಅಳೆಯುವ ಮೊದಲು ಮಾದರಿಗೆ ಚೂರು ಕ್ಷಾರ ಸೇರಿಸಿದರೆ ಹೊಳಪು ಮರಳುತ್ತದೆ. ಇದಕ್ಕೆ ಪರಿಹಾರವಿದೆ. ಎರಡನೆಯದಕ್ಕೆ ಇಲ್ಲ. ಯುರನೀನಿನ ಅಣುವಿಗೆ ಋಣ ವಿದ್ಯುದಂಶವಿದೆ. ಸಾಮಾನ್ಯ ಜೇಡಿಮಣ್ಣಿನ ಕಣಗಳಿಗೂ ಋಣವೇ ಇರುವುದರಿಂದ ಎರಡೂ ಒಂದನ್ನೊಂದು ದೂಡುತ್ತವೆ, ಬಣ್ಣ ಮಣ್ಣಿಗೆ ಅಂಟದೆ ಮುಂದೆ ಹೋಗುತ್ತದೆ. ಪಠ್ಯಪುಸ್ತಕಗಳು ಯುರನೀನನ್ನು ಹೊಗಳುವುದು ಇದೇ ಕಾರಣಕ್ಕೆ. ಆದರೆ ಚಿರೇಕಲ್ಲಿನಲ್ಲಿರುವ ಕಬ್ಬಿಣದ ಆಕ್ಸೈಡಿನ ಮೈ ಆಮ್ಲೀಯ ನೀರಿನಲ್ಲಿ ಧನವಾಗುತ್ತದೆ. ನಮ್ಮ ಕೆಂಪು ಕಲ್ಲು ಬಣ್ಣವನ್ನು ಹಿಡಿದಿಟ್ಟುಕೊಳ್ಳುವ ಸಾಧ್ಯತೆ ಯೂರೋಪಿನ ಸುಣ್ಣಕಲ್ಲಿಗಿಂತ ಹೆಚ್ಚು. ಪುಸ್ತಕದ ಪ್ರಮಾಣವನ್ನು ಹಾಗೆಯೇ ಇಲ್ಲಿಗೆ ತಂದರೆ ಕಡಿಮೆ ಬೀಳುತ್ತದೆ.

ಇನ್ನು ಶೌಚದ ಗುಂಡಿಯೊಳಗಿನ ಕೆಸರು. ಕೊಳೆತ ಜೈವಿಕ ವಸ್ತು ಬಣ್ಣವನ್ನು, ಅದರಲ್ಲೂ ರೋಡಮೀನುಗಳನ್ನು, ಹೀರಿಕೊಂಡು ಕೂರುತ್ತದೆ. ಹಾಕಿದ್ದು ಹತ್ತು ಗ್ರಾಂ ಆದರೂ ಗುಂಡಿ ಬಿಟ್ಟು ಹೊರಟದ್ದು ಎಷ್ಟೆಂದು ಹೇಳುವುದು ಕಷ್ಟ. ಬಾವಿಯ ಕಡೆ ಬಂದರೆ ಅಲ್ಲಿ ಬ್ಲೀಚಿಂಗ್ ಪೌಡರ್. ಮಳೆಗಾಲ ಶುರುವಾದೊಡನೆ ಊರೂರಿನ ಬಾವಿಗೂ ಬೀಳುವ ಈ ಪುಡಿಯಲ್ಲಿರುವ ಕ್ಲೋರಿನ್ ಯುರನೀನನ್ನು ಮುರಿದುಹಾಕುತ್ತದೆ. ಬಾವಿ ಕೆಟ್ಟಿದೆಯೆಂಬ ಅನುಮಾನ ಬಂದ ಮನೆಯಲ್ಲೇ ಪುಡಿ ಹೆಚ್ಚು ಬೀಳುತ್ತದೆ. ಅಂದರೆ ಎಲ್ಲಿ ಬಣ್ಣ ಸಿಗುವ ಸಂಭವ ಹೆಚ್ಚೋ ಅಲ್ಲೇ ಅದು ಅಳಿಸಿಹೋಗುತ್ತದೆ. ಬಿಸಿಲಿನದೂ ಇದೇ ಕತೆ. ತೆರೆದ ಬಾವಿಯ ಮೇಲೆ ನಡು ಹಗಲಿನ ಬಿಸಿಲು ಬಿದ್ದರೆ ಯುರನೀನ್ ಕೆಲವೇ ತಾಸುಗಳಲ್ಲಿ ಮಾಸುತ್ತದೆ. ಮಾದರಿಯ ಬಾಟಲಿ ಕಪ್ಪು ಗಾಜಿನದಿರಬೇಕು. ಮತ್ತು ಬಣ್ಣ ಸುರಿದ ಕೈ ಆ ಬಾಟಲಿಯನ್ನು ಮುಟ್ಟಲೇಬಾರದು. ಉಗುರಿನ ಸಂದಿಯಲ್ಲಿ ಉಳಿದ ಪುಡಿ ಊರಿನ ಎಲ್ಲ ಬಾವಿಗಳನ್ನೂ ಅಪರಾಧಿ ಮಾಡಬಲ್ಲದು.

ಇದಕ್ಕಿಂತ ಸ್ವಾರಸ್ಯದ ತೊಡಕೆಂದರೆ ಹೊಲಸು ನೀರು ತಾನಾಗಿಯೇ ಹೊಳೆಯುವುದು. ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ ನೀರು ಹೊಳೆಯುತ್ತದೆ, ಪಾಚಿ ಹೊಳೆಯುತ್ತದೆ, ಚರಂಡಿ ನೀರು ಹೊಳೆಯುತ್ತದೆ. ಬಟ್ಟೆ ತೊಳೆಯುವ ಪುಡಿಯಲ್ಲಿ ಬಿಳಿಯನ್ನು ಇನ್ನೂ ಬಿಳಿಯಾಗಿ ಕಾಣಿಸಲು ಬೆರೆಸುವ ರಾಸಾಯನಿಕಗಳಂತೂ ಪ್ರತಿದೀಪ್ತಿಯ ಬಣ್ಣಗಳೇ. ನೇರಳಾತೀತ ಕಿರಣವನ್ನು ಹೀರಿ ನೀಲಿಯಾಗಿ ಬೆಳಗುತ್ತವೆ. ಆದ್ದರಿಂದ ಬಣ್ಣ ಹಾಕುವ ಮೊದಲೇ ಬಾವಿಗಳ ನೀರನ್ನು ಕೆಲವು ದಿನ ಅಳೆದು, ಅಲ್ಲಿ ಆಗಲೇ ಇರುವ ಹೊಳಪೆಷ್ಟು ಎಂದು ಬರೆದಿಟ್ಟುಕೊಳ್ಳಬೇಕು. ಇದನ್ನು ಬಿಟ್ಟವರ ಫಲಿತಾಂಶಕ್ಕೆ ಕಿಮ್ಮತ್ತಿಲ್ಲ.

ಈ ತೊಡಕನ್ನೇ ಉಪಾಯವಾಗಿ ತಿರುಗಿಸಿಕೊಂಡವರೂ ಇದ್ದಾರೆ. ಬಾವಿಯ ನೀರಿನಲ್ಲಿ ತೊಳೆಯುವ ಪುಡಿಯ ಆ ನೀಲಿ ಸಿಕ್ಕಿತೆಂದರೆ, ಬಚ್ಚಲ ನೀರೋ ಶೌಚದ ನೀರೋ ಬಾವಿಗೆ ಬರುತ್ತಿದೆ ಎಂದೇ ಅರ್ಥ. ಪ್ರಕೃತಿಯಲ್ಲಿ ಆ ವಸ್ತು ಇಲ್ಲ. ಬಿಳುಪು ಮಾಡದ ಹಸಿ ಹತ್ತಿಯ ಉಂಡೆಯನ್ನು ಬಲೆಯಲ್ಲಿ ಕಟ್ಟಿ ಒಂದು ವಾರ ನೀರಿನಲ್ಲಿ ತೂಗುಬಿಟ್ಟು, ತೊಳೆದು, ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವಂಥ ನೇರಳೆ ದೀಪದಡಿ ಹಿಡಿದರೆ ಸಾಕು. ಅಂಗಡಿಯ ಬಿಳಿ ಹತ್ತಿ ನಡೆಯದು, ಅದು ಮೊದಲೇ ಹೊಳೆಯುತ್ತಿರಬಹುದು. ಬಣ್ಣ ಸುರಿಯುವ ಗೊಡವೆಯಿಲ್ಲ, ಪರವಾನಗಿಯ ಪ್ರಶ್ನೆಯಿಲ್ಲ. ಯಾರ ಬಚ್ಚಲೆಂದು ಮಾತ್ರ ಹತ್ತಿ ಹೇಳುವುದಿಲ್ಲ. ನನ್ನನ್ನು ಕೇಳಿದರೆ ನಮ್ಮ ಪ್ರೌಢಶಾಲೆಗಳ ವಿಜ್ಞಾನ ಸಂಘಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗಲಾರದು.

ಬಾವಿಯ ಪಕ್ಕ ಹಗಲೂ ರಾತ್ರಿ ಕೂತು ತಾಸಿಗೊಂದು ಬಾಟಲಿ ತುಂಬುವವರು ಯಾರು? ಇದಕ್ಕೆ ಸಿಕ್ಕ ಉತ್ತರ ನಮ್ಮ ಕರಾವಳಿಗೆ ಪರಿಚಿತ ವಸ್ತು: ತೆಂಗಿನ ಚಿಪ್ಪಿನ ಇದ್ದಿಲು. ಹಬೆಯಲ್ಲಿ ಹದಗೊಳಿಸಿದ ಚಿಪ್ಪಿನ ಇದ್ದಿಲಿನೊಳಗೆ ಸೂಕ್ಷ್ಮ ರಂಧ್ರಗಳು ಎಷ್ಟಿರುತ್ತವೆಂದರೆ, ಹಾದುಹೋಗುವ ನೀರಿನಲ್ಲಿ ಬಣ್ಣದ ಅಣುಗಳಿದ್ದರೆ ಒಂದೊಂದಾಗಿ ಹಿಡಿದು ಕೂಡಿಡುತ್ತದೆ. ಸೊಳ್ಳೆ ಪರದೆಯಂಥ ಬಲೆಯಲ್ಲಿ ಪೊಟ್ಟಣ ಕಟ್ಟಿ ಬಾವಿಗೆ, ಒಸರಿಗೆ, ಹಳ್ಳಕ್ಕೆ ಇಳಿಬಿಟ್ಟು ವಾರಕ್ಕೊಮ್ಮೆ ಬದಲಿಸಿದರಾಯಿತು. ಕ್ಷಾರ ಬೆರೆಸಿದ ಆಲ್ಕೋಹಾಲಿನಲ್ಲಿ ನೆನೆಸಿದಾಗ ಇದ್ದಿಲು ಬಣ್ಣವನ್ನು ಬಿಟ್ಟುಕೊಡುತ್ತದೆ. ಅಮೆರಿಕದ ಸುಣ್ಣಕಲ್ಲು ಪ್ರದೇಶಗಳಲ್ಲಿ 1950ರ ದಶಕದಿಂದ ಇದು ರೂಢಿಯಲ್ಲಿದೆ. ಬಣ್ಣ ಬಂತೋ ಇಲ್ಲವೋ ಎಂಬುದನ್ನು ಇದ್ದಿಲು ಹೇಳುತ್ತದೆ. ಯಾವಾಗ ಬಂತು, ಎಷ್ಟು ಬಂತು ಎಂದು ಹೇಳುವುದಿಲ್ಲ. ಹೊಲಸು ನೀರಿನಲ್ಲಿ ಬೇರೆ ಕೊಳೆಯೂ ಅದೇ ರಂಧ್ರಗಳಿಗೆ ನುಗ್ಗುವುದರಿಂದ ಪೊಟ್ಟಣ ಬೇಗ ತುಂಬಿಹೋಗುತ್ತದೆ, ಹೆಚ್ಚು ಸಲ ಬದಲಿಸಬೇಕಾಗುತ್ತದೆ.

ಯಾವಾಗ, ಎಷ್ಟು ಎಂಬುದು ಬೇಕಿದ್ದರೆ ಬಾಟಲಿಯೇ ಗತಿ. ತಾಸುತಾಸಿನ ಅಳತೆಯನ್ನು ಗೆರೆಯಾಗಿ ಬರೆದರೆ ಅದು ಥಟ್ಟನೆ ಏರಿ, ಆಮೇಲೆ ಉದ್ದ ಬಾಲ ಬಿಟ್ಟುಕೊಂಡು ಇಳಿಯುತ್ತದೆ. ಅಂಕೋಲೆಯ ಬಂಡಿಹಬ್ಬ ಮುಗಿದ ಮೇಲೆ ಊರಿಗೆ ಹೊರಟ ಜನರ ಹಾಗೆ: ಬೈಕಿನವರು ಮೊದಲು ಮನೆ ಮುಟ್ಟುತ್ತಾರೆ, ಬಸ್ಸಿನವರು ಹಿಂದೆ, ನೆಂಟರ ಮನೆಯಲ್ಲಿ ಉಳಿದವರು ಮರುದಿನ. ಎಲ್ಲರೂ ಹೊರಟದ್ದು ಒಂದೇ ಪೇಟೆಯಿಂದ. ಕುಡಿಯುವ ನೀರಿನ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಸರಾಸರಿಯಲ್ಲ, ಮೊದಲು ಬಂದ ಬೈಕು. ದೊಡ್ಡ ಕೊಳವೆಯಲ್ಲಿ ಬಂದ ಆ ಮೊದಲ ಪಾಲಿನಲ್ಲಿ ಸೋಸುವಿಕೆ ಇಲ್ಲ, ತಡೆ ಇಲ್ಲ. ಬ್ಯಾಕ್ಟೀರಿಯಾ ಬಣ್ಣದ ಅಣುವಿಗಿಂತ ತೀರ ದೊಡ್ಡದಾದ್ದರಿಂದ ಸಣ್ಣ ಸಂದಿಗಳಿಗೆ ನುಗ್ಗಲಾರದೆ ದೊಡ್ಡ ದಾರಿಗಳಲ್ಲೇ ಸಾಗುತ್ತದೆ. ಹಾಗಾಗಿ ಕೆಲವೊಮ್ಮೆ ಬಣ್ಣಕ್ಕಿಂತ ಮೊದಲೇ ಬಂದು ಮುಟ್ಟುತ್ತದೆ.

ಕೆನಡಾದ ವಾಕರ್ಟನ್ ಎಂಬ ಸಣ್ಣ ಊರು ಇದನ್ನು ಭಾರಿ ಬೆಲೆ ತೆತ್ತು ಕಲಿಯಿತು. 2000ದ ಮೇ ತಿಂಗಳಲ್ಲಿ ಮಳೆಯ ಜೊತೆ ಸೆಗಣಿ ಗೊಬ್ಬರದ ಸೋಂಕು ಊರಿನ ಒಂದು ಬಾವಿಗೆ ಇಳಿದು, ಏಳು ಮಂದಿ ಸತ್ತರು, ಸುಮಾರು 2,300 ಮಂದಿ ಕಾಯಿಲೆ ಬಿದ್ದರು. ಅಲ್ಲಿ ಕಣ್ಣಿಗೆ ಕಾಣುವ ಗುಹೆಗಳಿರಲಿಲ್ಲ, ಬಿರುಕು ಬಿಟ್ಟ ಬಂಡೆ. ಗಣಕದ ಮಾದರಿ ಆ ಊರಿನ ನೆಲದಡಿ ನೀರು ದಿನಕ್ಕೆ ಕೆಲವು ಮೀಟರ್ ಸರಿಯುತ್ತದೆ ಎಂದಿತ್ತು. ಆಮೇಲೆ ಬಣ್ಣ ಬಿಟ್ಟು ನೋಡಿದಾಗ ನೂರಾರು ಮೀಟರ್ ದೂರವನ್ನು ಒಂದು ದಿನದ ಆಸುಪಾಸಿನಲ್ಲಿ ದಾಟಿತ್ತು.

ಇಷ್ಟರಿಂದ ಬಣ್ಣದ ಪರೀಕ್ಷೆಯನ್ನು ಹೇಗೆ ಓದಬೇಕೆಂಬುದು ಸ್ಪಷ್ಟವಾಗುತ್ತದೆ. ಬಾವಿಯಲ್ಲಿ ಬಣ್ಣ ಸಿಕ್ಕಿದರೆ ಗುಂಡಿಗೂ ಬಾವಿಗೂ ದಾರಿಯಿದೆ. ಅದರಲ್ಲಿ ಎರಡು ಮಾತಿಲ್ಲ. ಸಿಗದಿದ್ದರೆ ದಾರಿ ಇಲ್ಲವೆಂದಲ್ಲ. ಕೆಂಪುಕಲ್ಲು ಹಿಡಿದಿರಬಹುದು, ಕೆಸರು ನುಂಗಿರಬಹುದು, ಬ್ಲೀಚಿಂಗ್ ಪೌಡರ್ ಅಳಿಸಿರಬಹುದು, ಬಾಟಲಿ ತುಂಬುವ ಮೊದಲೇ ಹಾದುಹೋಗಿರಬಹುದು, ಇನ್ನೂ ದಾರಿಯಲ್ಲಿರಬಹುದು. ಹೌದು ಎಂಬ ಉತ್ತರಕ್ಕೂ ಇಲ್ಲ ಎಂಬ ಉತ್ತರಕ್ಕೂ ತೂಕ ಒಂದೇ ಅಲ್ಲ. ಕಾರ್ಖಾನೆಯೋ ಹೋಟೆಲೋ ಪುರಸಭೆಯೋ ನಮ್ಮಿಂದ ಮಾಲಿನ್ಯವಿಲ್ಲ ಎಂದು ಒಂದು ವಾರದ ಬಣ್ಣದ ಪರೀಕ್ಷೆಯ ವರದಿ ಮುಂದಿಟ್ಟರೆ, ಎಷ್ಟು ಬಣ್ಣ ಹಾಕಿದ್ದು, ಯಾವ ತಿಂಗಳು, ಎಷ್ಟು ದಿನ ಕಾದದ್ದು ಎಂಬ ಮೂರು ಪ್ರಶ್ನೆ ಕೇಳದೆ ಅದನ್ನು ಒಪ್ಪಬಾರದು. ಮಾಲಿನ್ಯ ಪಾದರಸದಂಥ ಲೋಹದ್ದಾದರೆ ಅದು ನೆಲದೊಳಗೆ ಚಲಿಸುವ ರೀತಿಯೇ ಬೇರೆ. ಬಣ್ಣ ನೀರಿನ ದಾರಿಯನ್ನು ತೋರಿಸೀತು, ಆ ಲೋಹದ ಬಗ್ಗೆ ಸಾಕ್ಷಿ ನುಡಿಯದು.

ಅಂಟದ, ಬೇಗ ಅಳಿಯದ, ನೀರಿನ ಜೊತೆ ನೀರೇ ಆಗಿ ಹೋಗುವ ವಸ್ತು ಒಂದಿದೆ. ಅದು ಟ್ರಿಟಿಯಂ, ಜಲಜನಕದ ವಿಕಿರಣಶೀಲ ರೂಪ. ಅರ್ಧಾಯುಷ್ಯ 12.3 ವರ್ಷ. ಅದು ನೀರಿನ ಅಣುವಿನೊಳಗೇ ಸೇರಿಕೊಳ್ಳುವುದರಿಂದ ಮಣ್ಣಿಗೆ ಅದು ಬೇರೆ ಎಂದು ತಿಳಿಯುವುದೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಮಳೆಗಾಲಕ್ಕೆ ಮುಂಚೆ ಬೇರುಗಳ ಮಟ್ಟಕ್ಕಿಂತ ಕೆಳಗೆ ಹನಿ ಟ್ರಿಟಿಯಂ ಇಟ್ಟು, ಮಳೆಗಾಲದ ನಂತರ ಅದು ಎಷ್ಟು ಕೆಳಗಿಳಿದಿದೆ ಎಂದು ಅಗೆದು ನೋಡಿ, ದೇಶದ ಹಲವು ಕಣಿವೆಗಳಲ್ಲಿ ನೆಲ ಎಷ್ಟು ನೀರು ಕುಡಿಯುತ್ತದೆಂದು ಲೆಕ್ಕ ಹಾಕಿದರು. ಕಾರವಾರ ತಾಲ್ಲೂಕಿಗೆ ಟ್ರಿಟಿಯಂ ಹೆಸರು ಬೇರೆ ಕಾರಣಕ್ಕೆ ಪರಿಚಿತ. ಭಾರಜಲ ಬಳಸುವ ಕೈಗಾದಂಥ ಅಣುವಿದ್ಯುತ್ ಸ್ಥಾವರಗಳಲ್ಲಿ ಅದು ತಾನಾಗಿ ಹುಟ್ಟುತ್ತದೆ. 2009ರ ನವೆಂಬರಿನಲ್ಲಿ ಕೈಗಾದ ಐವತ್ತಕ್ಕೂ ಹೆಚ್ಚು ನೌಕರರ ಮೂತ್ರದ ಮಾದರಿಯಲ್ಲಿ ಟ್ರಿಟಿಯಂ ಮಾಮೂಲಿಗಿಂತ ಹೆಚ್ಚಾಗಿ ಕಂಡಿತು. ಯಾರು ಎಲ್ಲಿ ನೀರು ಕುಡಿದರೆಂದು ಹಿಂದಕ್ಕೆ ಹುಡುಕುತ್ತ ಹೋದಾಗ ಎಲ್ಲ ಜಾಡುಗಳೂ ಒಂದೇ ಕುಡಿಯುವ ನೀರಿನ ಕೂಲರಿನಲ್ಲಿ ಕೂಡಿದವು. ಯಾರೋ ಬೇಕೆಂದೇ ಬೆರೆಸಿದ ಕಿಡಿಗೇಡಿತನವೆಂದು ಅಣುಶಕ್ತಿ ಆಯೋಗದ ಆಗಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. ಪ್ರಕರಣದ ಬೇರೆ ಮುಖಗಳೇನೇ ಇರಲಿ, ಜಾಡು ಹಿಡಿದ ಕ್ರಮ ನಮ್ಮ ಬಾವಿಗೂ ಅನ್ವಯಿಸುವಂಥದ್ದೇ. ಅಂಕೋಲೆಯ ಹಿತ್ತಿಲಿನ ಗುಂಡಿಗೆ ಟ್ರಿಟಿಯಂ ಸುರಿಯಲು ಮಾತ್ರ ಯಾರೂ ಬಿಡುವುದಿಲ್ಲ, ಬಿಡಲೂಬಾರದು.

ಕುಸಿಯುವ ಗುಡ್ಡಗಳಿಗೂ ಬಣ್ಣದ ಉಪಾಯ ಬೇಕು. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದ ಝರಿವಾಡದಲ್ಲಿ, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಕುಸಿದ ಗುಡ್ಡಗಳ ಒಡಲಲ್ಲಿ ಮಳೆನೀರಿತ್ತು. ಮೇಲಿನ ಚರಂಡಿಯ ನೀರು ಗುಡ್ಡದೊಳಗೆ ಎಲ್ಲಿ ಇಳಿಯುತ್ತದೆ, ಕೆಳಗೆ ಎಲ್ಲಿ ಎಷ್ಟು ಹೊತ್ತಿಗೆ ಹೊರಬೀಳುತ್ತದೆ ಎಂದು ತಿಳಿಯಲು ಬೇರೆ ದೇಶಗಳಲ್ಲಿ ಬಣ್ಣ ಬಿಡುತ್ತಾರೆ. ನೀರು ಒಳಗೆ ಇಳಿದು ಹೊರಗೆ ಬಾರದೆ ಉಳಿಯುವ ಗುಡ್ಡವನ್ನೇ ಹೆಚ್ಚು ಅನುಮಾನಿಸಬೇಕು.

ಬಣ್ಣವೆಂದರೆ ಜನ ಹೆದರುವುದು ಸಹಜ, ಹೆದರಿಕೆ ಪೂರ್ತಿ ಅಕಾರಣವೂ ಅಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಗೆ ಬಳಸದಂತೆ ತಡೆದ ರೋಡಮೀನ್-ಬಿ ಒಂದು ಕಾಲಕ್ಕೆ ಹೊಳೆಗಳಲ್ಲಿ ಜಾಡು ಹಿಡಿಯಲು ಧಾರಾಳವಾಗಿ ಸುರಿಯುತ್ತಿದ್ದ ಬಣ್ಣ. ಈಗ ಆ ಕೆಲಸದಿಂದ ಅದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಅದರ ಜಾಗಕ್ಕೆ ಬಂದ ರೋಡಮೀನ್ ಡಬ್ಲ್ಯುಟಿ ನೀರಿಗೆಂದೇ ತಯಾರಾದದ್ದು. ಆದರೂ ನೈಟ್ರೈಟ್ ಹೆಚ್ಚಿರುವ ನೀರಿನಲ್ಲಿ ಅದರಿಂದ ಕ್ಯಾನ್ಸರ್‌ಕಾರಕ ನೈಟ್ರೋಸಮೀನ್ ಹುಟ್ಟಬಹುದೇ ಎಂಬ ಪ್ರಶ್ನೆ 1980ರ ದಶಕದಲ್ಲೇ ಎದ್ದಿತ್ತು. ಶೌಚದ ನೀರಿನಲ್ಲಿ ನೈಟ್ರೈಟ್ ಇರುತ್ತದೆ. ಕುಡಿಯುವ ಬಾವಿಗಳ ನಡುವೆ ನಾನಾದರೆ ಯುರನೀನನ್ನೇ ಆರಿಸುವೆ. ಯಾವುದನ್ನು ಹಾಕುವುದಾದರೂ ಸುತ್ತಲಿನ ಮನೆಗಳಿಗೂ ಪಂಚಾಯಿತಿಗೂ ಮೊದಲೇ ಹೇಳಿರಬೇಕು. ಬೆಳಿಗ್ಗೆ ಕೊಡಪಾನದಲ್ಲಿ ಹಸಿರು ನೀರು ಕಂಡ ಮನೆಯವರಿಗೆ ಆಮೇಲೆ ಸಮಜಾಯಿಷಿ ಹೇಳುವುದು ಸುಲಭದ ಮಾತಲ್ಲ.

ಯಾವ ತಿಂಗಳಲ್ಲಿ ಎಂಬುದೂ ನಮ್ಮಲ್ಲಿ ದೊಡ್ಡ ಪ್ರಶ್ನೆ. ಏಪ್ರಿಲ್‌ನಲ್ಲಿ ಬಾವಿಯ ನೀರು ತಳಕ್ಕಿಳಿದಿರುತ್ತದೆ, ಮೇಲಿನ ಕೊಳವೆಗಳು ಒಣಗಿರುತ್ತವೆ. ಆಗ ಗುಂಡಿಗೆ ಹಾಕಿದ ಬಣ್ಣ ಅಲ್ಲೇ ಸುತ್ತಲಿನ ಕಲ್ಲಿಗೂ ಮಣ್ಣಿಗೂ ಹತ್ತಿಕೊಂಡು ಕೂರುತ್ತದೆ, ಬಾವಿಯಲ್ಲಿ ಏನೂ ಕಾಣುವುದಿಲ್ಲ. ವರದಿ ಬರೆದು ಮುಗಿಸಲು ಪ್ರಶಸ್ತ ಕಾಲ! ಜೂನ್‌ನಲ್ಲಿ ನೀರಿನ ಮಟ್ಟ ಕೆಲವೇ ವಾರಗಳಲ್ಲಿ ಹಲವು ಮೀಟರ್ ಏರಿ ಗುಂಡಿಯ ತಳವನ್ನೇ ಮುಟ್ಟುತ್ತದೆ, ಒಣಗಿದ್ದ ಕೊಳವೆಗಳೆಲ್ಲ ಹರಿಯತೊಡಗುತ್ತವೆ, ಕಲ್ಲಿಗಂಟಿದ್ದ ಬಣ್ಣ ತೊಳೆದು ಹೊರಡುತ್ತದೆ. ಬೇಸಿಗೆಯಲ್ಲಿ ಪಶ್ಚಿಮಕ್ಕೆ ಹೋಗುತ್ತಿದ್ದ ನೀರು ಮಟ್ಟ ಏರಿದ ಮೇಲೆ ಬೇರೆ ಕೊಳವೆ ಹಿಡಿದು ದಕ್ಷಿಣದ ಮನೆಯ ಬಾವಿಗೆ ಹೋಗುವುದೂ ಉಂಟು. ಆದ್ದರಿಂದ ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ ಬಣ್ಣ ಹಾಕಬೇಕು. ಎರಡನೆಯ ಸಲ ಬೇರೆ ಬಣ್ಣವಾದರೆ ಹಳೆಯದರ ಜೊತೆ ಗೊಂದಲವಾಗದು. ಇದ್ದಿಲಿನ ಪೊಟ್ಟಣಗಳನ್ನು ಅನುಮಾನವಿದ್ದ ಬಾವಿಗಷ್ಟೇ ಅಲ್ಲದೆ ಸುತ್ತಲಿನ ಎಲ್ಲ ಬಾವಿಗಳಿಗೂ, ಗುಡ್ಡದ ಬುಡದ ಒಸರಿಗೂ ಇಳಿಬಿಟ್ಟು, ಚೌತಿ ಕಳೆದು ಮಳೆ ಹಿಂದೆ ಸರಿಯುವವರೆಗೆ ಬದಲಿಸುತ್ತಲೇ ಇರಬೇಕಾಗುತ್ತದೆ.